ಕನಕಮ್ಮನ ಎರಡನೆಯ ಆಲ್ಬಮ್

ಗಂಗಾವತಿಯ ಒಂದು ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಮುಖಗಳನ್ನು ತಿಳಿ ಮಾಡುವುದು ರಂಜಿತಾಳ ಕೆಲಸ. ಮದುವೆ, ಬಸುರಿಯ ಕುಬಸ, ತೊಟ್ಟಿಲು, ಯಾವ ಕಾರ್ಯದ ಫೋಟೋ ಇದ್ದರೂ ಮೊದಲು ಅವಳ ಕಂಪ್ಯೂಟರಿಗೆ ಬರುತ್ತದೆ. ಮೊಡವೆ, ಬೆವರು, ಹರಡಿದ ಕುಂಕುಮ ತೆಗೆದು ಆಮೇಲೆ ಆಲ್ಬಮಿನ ಪುಟಕ್ಕೆ ಕೂರಿಸುತ್ತಾಳೆ. ಇನ್ನೊಂದು ಬಗೆಯ ಕಲೆಯೂ ಆಗಾಗ ಸಿಗುತ್ತದೆ: ನಡುವೆ ನೀಲಿ, ಅಂಚಿಗೆ ಹಳದಿ, ಪೌಡರ್ ಬಳಿದರೂ ಫ್ಲ್ಯಾಶಿಗೆ ಎದ್ದು ಕಾಣುವಂಥದ್ದು. ಅದನ್ನು ತೆಗೆಯಿರಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. “ಛಲೋ ಕಾಣಂಗ ಮಾಡ್ರಿ” ಎನ್ನುತ್ತಾರೆ, ಅಷ್ಟೇ. ರಂಜಿತಾ ಮಾಡಿ ಕೊಡುತ್ತಿದ್ದಳು. ಆದರೆ ತಿದ್ದುವ ಮೊದಲು ಮೂಲದ ಪ್ರತಿಯೊಂದನ್ನು ಬೇರೆ ಇಡುವುದು ಅವಳ ಪದ್ಧತಿ.

ಒಂದು ಮಧ್ಯಾಹ್ನ ಕಂಕುಳಲ್ಲಿ ಕೂಸು ಎತ್ತಿಕೊಂಡು ಕನಕಮ್ಮ ಬಂದಳು. “ಅಕ್ಕಾರ, ನನ್ನ ಕುಬಸದ ಫೋಟೋ ತಿದ್ದಿದಾಕಿ ನೀವ ಏನ್ರಿ?”

ಕುಬಸದ ವಾರವೇ, ಶಾಸ್ತ್ರಕ್ಕೆ ಮುಂಚೆ, ಗಂಡ ಗಾಳೇಶ ಅವಳ ಕೆನ್ನೆಗೆ ಬಾರಿಸಿದ್ದ. ಹೆರಿಗೆಗೆಂದು ಯಲಬುರ್ಗಾ ಕಡೆಯ ಮಂಗಳೂರಿನ ತವರಿಗೆ ಹೋದವಳು ಇನ್ನು ಗಂಡನ ಮನೆಗೆ ಮರಳುವುದಿಲ್ಲ ಎಂದಳು. ತವರೂರಿನ ಹಿರಿಯರು ಕೂತಾಗ ಮಾವ ವಿರುಪಣ್ಣ ಕುಬಸದ ಆಲ್ಬಮ್ ಬಿಚ್ಚಿಟ್ಟ. “ಹೊಡದಾರಂತ. ಎಲ್ಲೈತ್ರಿ ಗುರ್ತು? ಲಕ್ಷ್ಮಿ ಕುಂತಂಗ ಕುಂತಾಳ.” ಹಿರಿಯರು ಪುಟ ತಿರುವಿ ತಲೆಯಾಡಿಸಿದರು. ಅಮಾವಾಸ್ಯೆ ಕಳೆದ ಮೇಲೆ ಇನ್ನೊಮ್ಮೆ ಕೂತು ಅವಳನ್ನು ಗಂಡನ ಮನೆಗೆ ಕಳಿಸಿಬಿಡುವುದೆಂದು ಮಾತಾಗಿತ್ತು.

ರಂಜಿತಾ ಮೂಲ ಫೋಟೋ ತೆರೆದಳು; ಕೆನ್ನೆಯಿಂದ ಎಡಗಣ್ಣಿನವರೆಗೆ ನೀಲಿಗಟ್ಟಿದ ಬಾವು. ಕನಕಮ್ಮ ಬಾಗಿ ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

“ಪ್ರಿಂಟ್ ಹಾಕಿ ಕೊಡ್ಲೇನವ್ವ?”

“ಬಿಡಿ ಫೋಟೋ ಬ್ಯಾಡ್ರಿ. ಒಂದ ಸಲ ನೋಡಿ ಬದಿಗಿಡ್ತಾರ. ಆಲ್ಬಮ್ ಆದ್ರ ತೊಡಿ ಮ್ಯಾಲ ಇಟಗೊಂಡು ನೋಡ್ತಾರ.”

ಅದು ಸರಿಯಾದ ಮಾತು. ರಂಜಿತಾ ಆಲ್ಬಮನ್ನೇ ಕಟ್ಟಲು ಕೂತಳು. ಎಡಪುಟಕ್ಕೆ ತಿದ್ದಿದ ಫೋಟೋ, ಬಲಪುಟಕ್ಕೆ ಅದೇ ಗಳಿಗೆಯ ತಿದ್ದದ ಫೋಟೋ, ಎರಡೂ ಒಂದೇ ಅಳತೆ. ಹೂಬಳ್ಳಿ ಇಲ್ಲ, ಹೃದಯದ ಚಿತ್ರ ಇಲ್ಲ, ಒಂದಕ್ಷರವೂ ಇಲ್ಲ. ತಂಗಿಯೊಬ್ಬಳು ಕಿವಿಯಲ್ಲಿ ಏನೋ ಹೇಳಿದ್ದಕ್ಕೆ ಕನಕಮ್ಮ ಬಾಯ್ತುಂಬ ನಕ್ಕ ಫೋಟೋವನ್ನು ಬಿಡಬೇಕೆಂದಿದ್ದಳು ರಂಜಿತಾ.

“ಅದೂ ಇರ್ಲಿ” ಎಂದಳು ಕನಕಮ್ಮ. “ಹೊಡತ ತಿಂದೀನಂತ ನಾ ನಗಬಾರ್ದೇನು? ನಕ್ಕಿದ್ದೂ ಖರೆ, ಹೊಡದಿದ್ದೂ ಖರೆ.”

ಸ್ಟುಡಿಯೋ ಮಾಲೀಕ ಗೋವಿಂದರಾಜನಿಗೆ ವಿಷಯ ತಿಳಿದು ಮುಖ ಬಾಡಿತು. “ಆಲ್ಬಮ್ ಮಾಡ್ಸಿದಾಂವ ಆಕಿ ಮಾವ. ನಾಳೆ ನಮ್ಮ ಕಡೆ ಯಾರ ಬರ್ತಾರ?”

“ಆಲ್ಬಮ್ ಅವರದ್ರಿ ಅಣ್ಣಾ. ಅದರಾಗಿನ ಮಾರಿ ಆಕಿದು.”

“ಸ್ಟುಡಿಯೋ ಹೆಸರು ಹಾಕಬ್ಯಾಡ ಮತ್ತ.”

“ನನ್ನ ಹೆಸರು ಹಾಕ್ತೀನಿ.”

ಅವನು ಹೊರಗೆ ಹೋಗಿ ಮತ್ತೆ ಬಾಗಿಲಲ್ಲಿ ನಿಂತ. “ರಟ್ಟು ತೆಳ್ಳಂದು ಹಾಕಬ್ಯಾಡ. ಹತ್ತು ಕೈಯಾಗ ಹಾಯೋ ಪುಸ್ತಕ ಅದು.”

ಹಿರಿಯರು ಮತ್ತೆ ಕೂತ ದಿನ ಮಂಗಳೂರಿನ ಚಾವಡಿಗೆ ರಂಜಿತಾ ತಾನೇ ಹೋದಳು. ಹಿರಿಯ ಗಿಡ್ಡಪ್ಪ ಧೋತರಕ್ಕೆ ಕೈ ಒರೆಸಿಕೊಂಡು ಆಲ್ಬಮ್ ಬಿಚ್ಚಿದ. ಎರಡು ಪುಟಗಳನ್ನೂ ನೋಡಿದ, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಗಾಳೇಶ ಗೋಡೆಗೊರಗಿ ಮೊಬೈಲ್ ತೀಡುತ್ತಿದ್ದ.

ವಿರುಪಣ್ಣ ನಕ್ಕ. “ಕಂಪ್ಯೂಟರ್‌ದಾಗ ಏನ್ ಬೇಕಾದ್ದು ಮಾಡ್ತಾರ್ರಿ. ಇಲ್ಲದ ಬಾವು ಬಳದು ತಂದಾರ.”

ಈ ಮಾತು ಬಂದೇ ಬರುತ್ತದೆಂದು ರಂಜಿತಾ ಎಣಿಸಿದ್ದಳು. ಅದಕ್ಕಾಗಿ ಎರಡು ಫೋಟೋಗಳನ್ನೂ ದೊಡ್ಡದು ಮಾಡಿ ಸಾಲುಸಾಲಾಗಿ ಹೋಲಿಸಿ ನೋಡಿಕೊಂಡು ಬಂದಿದ್ದಳು.

“ಬಳದದ್ದು ಯಾವುದು, ಒರೆಸಿದ್ದು ಯಾವುದು, ನೀವ ಪರೀಕ್ಷಾ ಮಾಡ್ರಿ. ಆಕಿ ಮಾರಿ ಇಲ್ಲೇ ಐತಲ್ಲ” ಎಂದಳು. “ಎಡಗಣ್ಣಿನ ಕೆಳಗ ಮಚ್ಚಿ ಐತಿ, ನೋಡ್ರಿ. ಬಲಪುಟದಾಗ ಐತಿ. ಎಡಪುಟದಾಗ ಇಲ್ಲ. ಇವರ ಮನಿ ಆಲ್ಬಮ್‌ದಾಗೂ ಇಲ್ಲ. ಬಾವು ಒರೆಸುವಾಗ ನಾನ ಅದನ್ನೂ ಒರೆಸೀನಿ.”

ಗಿಡ್ಡಪ್ಪ ಕನ್ನಡಕ ಮೇಲೇರಿಸಿ ಕನಕಮ್ಮನ ಮುಖ ನೋಡಿದ. ಉಳಿದವರೂ ಕತ್ತು ಚಾಚಿದರು. ಕಂಬದ ಬಳಿ ಕೂತಿದ್ದ ಕನಕಮ್ಮನ ತವರಿನ ನೆರೆಮನೆಯ ಮುದುಕವ್ವ ಬಾಯಿಂದ ಎಲೆಯಡಿಕೆ ತೆಗೆದು ಹೇಳಿದಳು: “ದೇವರು ಇಟ್ಟ ಮಚ್ಚೀನೂ ಉಳಸ್ಲಿಲ್ಲಲ್ಲೋ ವಿರುಪಣ್ಣ. ಭಾಳ ಛಲೋ ಸಂಸಾರ ನಿಂದು.” ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಗಾಳೇಶನ ಬೆರಳು ಮೊಬೈಲ್ ಮೇಲೆ ನಿಂತಿತು.

ಗಿಡ್ಡಪ್ಪ ಆಲ್ಬಮ್ ಮುಚ್ಚಿದ. “ತಿಳೀತವ್ವ. ಇನ್ನ ಮ್ಯಾಲ ಕೈ ಮಾಡಂಗಿಲ್ಲಂತ ಗಾಳೇಶನ ಕಡೆ ಆಣಿ ಮಾಡಸ್ತೀವಿ. ಕೂಸಿನ ಮಾರಿ ನೋಡಿ ಹೋಗು.”

ಕನಕಮ್ಮ ಎದ್ದು ಬಂದು ಅವನ ತೊಡೆಯ ಮೇಲಿದ್ದ ಆಲ್ಬಮನ್ನು ತಾನೇ ಬಿಚ್ಚಿದಳು. “ಅರ್ಧಕ್ಕ ಮುಚ್ಚಬ್ಯಾಡ್ರಿ ಕಾಕಾ, ಇನ್ನೂ ಪುಟ ಅದಾವು. ಆಣಿ ಕೇಳಾಕ ನಾ ಬಂದಿಲ್ಲ. ನಾ ಹೋಗಂಗಿಲ್ಲ, ಅದನ್ನ ಹೇಳಾಕ ಬಂದೀನಿ.”

ಗಿಡ್ಡಪ್ಪ ಅವಳನ್ನೊಮ್ಮೆ ನೋಡಿ ಪುಟ ತಿರುವಿದ. ಕೊನೆಯ ಪುಟದವರೆಗೂ ನೋಡಿ ಪಕ್ಕದವನಿಗೆ ದಾಟಿಸಿದ. “ಆಕಿ ಇಲ್ಲೇ ಇರ್ಲಿ” ಎಂದ. ವಿರುಪಣ್ಣ ಎದ್ದು ಚಪ್ಪಲಿ ಹುಡುಕತೊಡಗಿದ.

ಕೂಸನ್ನು ಹೆಗಲಿಗೆ ಹಾಕಿಕೊಂಡು ಕನಕಮ್ಮ ರಂಜಿತಾಳ ಹತ್ತಿರ ಬಂದಳು. “ಇದು ಚಾವಡ್ಯಾಗ ಇರ್ಲಿ ಅಕ್ಕಾರ, ನೋಡಬೇಕಾದವರು ಭಾಳ ಮಂದಿ ಅದಾರ. ಇಂಥದ ಇನ್ನೊಂದು ಕಟ್ಟಿ ಕೊಡ್ರಿ. ಕೊಪ್ಪಳದ ಕೋರ್ಟಿಗೆ ಒಯ್ಯಬೇಕು.”