ನೆಗಡಿಯ ನೆಪ

ಲತಾ, ನಿನ್ನಪ್ಪನ ಬಾವಿ ಪಕ್ಕದ ಮರದ ಎಳನೀರನ್ನು ಕುಡಿಯಬಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ನೀನು ಬಸುರಿ ಎನ್ನುವುದೂ ಗೊತ್ತಿತ್ತು — ಅದೊಂದನ್ನು ಬಿಟ್ಟು ಬರೆದರೆ ಮಿಕ್ಕಿದ್ದೆಲ್ಲ ಸುಳ್ಳಾಗುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ತುರುವೇಕೆರೆ ಸೀಮೆಯ ತೆಂಗಿಗೆಲ್ಲ ನುಸಿ ಬಿದ್ದಿತ್ತು. ಕಾಯಿಗಳು ಕಂದಿ, ಮುರುಟಿ, ಎಳಸಿನಲ್ಲೇ ಉದುರುತ್ತಿದ್ದವು. ಆಗ ಕಂಪನಿಯವನೊಬ್ಬ ಜೀಪಿನಲ್ಲಿ ಬಂದ. ಎಳೆಬೇರನ್ನು ಓರೆಯಾಗಿ ಕೊಯ್ದು, ಅದರ ತುದಿಗೆ ದ್ರಾವಣದ ಪ್ಲಾಸ್ಟಿಕ್ ಕವರು ಕಟ್ಟಿದರೆ ಮರವೇ ಹೀರಿಕೊಳ್ಳುತ್ತದೆ, ನುಸಿ ಸಾಯುತ್ತದೆ ಎಂದ. ನಾವು ಬೆಳೆಗೆ ಹೊಡೆಯುವ ವಿಷವನ್ನೂ ಔಷಧಿ ಎಂದೇ ಕರೆಯುವ ಜನ. ಬೇರಿಗೆ ಔಷಧಿ ಕಟ್ಟಿಸಿದೆಯಾ ಎಂದು ಊರೆಲ್ಲ ಒಬ್ಬರನ್ನೊಬ್ಬರು ಕೇಳತೊಡಗಿದರು.

ನಾನು ಆಗ ಪಂಚಾಯಿತಿ ಸದಸ್ಯ, ನಾಲ್ಕಕ್ಷರ ಓದಿದವನು, ಮಾತುಗಾರ. ಕಂಪನಿಯವನು ಬಂದು ಕೂರುತ್ತಿದ್ದದ್ದು ನಮ್ಮ ಜಗಲಿಯಲ್ಲೇ. ಒಮ್ಮೆ ಹೊರಡುವಾಗ ದನಿ ತಗ್ಗಿಸಿದ — ಕಟ್ಟಿದ ಮೇಲೆ ಒಂದೂವರೆ ತಿಂಗಳು ಆ ಮರದ ಎಳನೀರು ಮುಟ್ಟಬೇಡಿ, ಎಲ್ಲರಿಗೂ ಹೇಳಿದರೆ ಹೆದರುತ್ತಾರೆ, ನಿಮ್ಮ ಮನೆಯಲ್ಲಿ ಮಾತ್ರ ಹುಷಾರು. ಏಜೆನ್ಸಿ ನನಗೇ ಕೊಡಿಸುವ ಮಾತನ್ನೂ ಆಡಿದ. ನಾನು ಒಳಗೊಳಗೇ ಉಬ್ಬಿಹೋದೆ. ಮನೆಯವರಿಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದೆ.

ಪಂಚಾಯಿತಿಯ ಮುಂದಿನ ಮೀಟಿಂಗಿಗೆ ಊರವರೂ ಸೇರಿದ್ದರು; ಅಲ್ಲಿ ಸದಸ್ಯೆ ಸಿದ್ದಮ್ಮ ಎದ್ದುನಿಂತರು. ಈ ಔಷಧಿಯಿಂದ ಏನೇನಾಗುತ್ತದೆಂದು ಕಂಪನಿ ಊರೆದುರು ಹೇಳಲಿ, ಕಟ್ಟಿದ ಮರಕ್ಕೆ ಕೆಂಪು ಪಟ್ಟಿ ಬಳಿಯಲಿ, ಅಲ್ಲಿಯವರೆಗೆ ಔಷಧಿ ಮಾರುವುದು ಬೇಡ ಎಂದರು. ಕೆಂಪು ಪಟ್ಟಿ ಕಂಡರೆ ಎಳನೀರಿನ ಲಾರಿಯವರು ತೋಟದ ಹತ್ತಿರವೂ ಸುಳಿಯುವುದಿಲ್ಲವೆಂದು ಜನಕ್ಕೆ ದಿಗಿಲು. ನಾನು ಎದ್ದೆ.

"ಅವರವರ ಮರ, ಅವರವರ ಇಷ್ಟ ಕಣಮ್ಮ. ಇನ್ನೊಬ್ರ ಮರಕ್ಕೆ ಬಣ್ಣ ಬಳಿಯಾಕೆ ನಾವ್ಯಾರು?"

ಚಪ್ಪಾಳೆ ಬಿತ್ತು. ನಿನ್ನಪ್ಪ ಶಿವಣ್ಣನೇ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಆ ಮಾತು ಪೂರ್ತಿ ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ — ಅದೇ ಕಷ್ಟ. ನನ್ನ ತೋಟಕ್ಕೆ ಬಂದು ಇದು ಮಾಡು, ಅದು ಬಿಡು ಎಂದರೆ ನಾನೂ ಸಿಡುಕುವವನೇ. ಆದರೆ ಇಷ್ಟ ಎನ್ನಬೇಕಾದರೆ ಮೊದಲು ವಿಷಯ ಗೊತ್ತಿರಬೇಕಲ್ಲ. ಶಿವಣ್ಣನಿಗೆ ಗೊತ್ತಿರಲಿಲ್ಲ. ನಾನು ಅವನ ಸ್ವಾತಂತ್ರ್ಯದ ಪರ ಭಾಷಣ ಮಾಡಿ, ಅದಕ್ಕೆ ಬೇಕಾದದ್ದನ್ನು ನನ್ನ ಬಾಯಲ್ಲೇ ಇಟ್ಟುಕೊಂಡೆ.

ನೀನು ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ನಮ್ಮ ಕಡೆ ಬಸುರಿಗೆ ಎಳನೀರು ತಪ್ಪಿಸುವುದುಂಟೇ? ಒಂದು ಬೆಳಗ್ಗೆ ಬೇಲಿಯಾಚೆಯಿಂದ ಕಂಡೆ — ಶಿವಣ್ಣ ಬಾವಿ ಪಕ್ಕದ ಮರದಿಂದ ಗೊನೆ ಇಳಿಸಿದ್ದ. ಔಷಧಿ ಕಟ್ಟಿ ವಾರವೂ ಕಳೆದಿರಲಿಲ್ಲ. ನೀನು ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದೆ. ಅವನು ನನಗೂ ಒಂದನ್ನು ಕೆತ್ತಿ ಚಾಚಿದ.

"ತಗಳ್ಳಲಾ, ಔಷಧಿ ಕುಡಿದಿರೋ ಮರ. ಇದ್ರ ನೀರು ಹೊಟ್ಟೇಲಿರೋ ಮಗೀಗೂ ಒಳ್ಳೇದು."

ಕೆತ್ತಿ ಕೈಗೆ ಕೊಟ್ಟ ಎಳನೀರನ್ನು ನಮ್ಮಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಜಗಳಕ್ಕೆ ಬಂದವನೂ ಕುಡಿದೇ ಜಗಳ ಮುಂದುವರಿಸುತ್ತಾನೆ. ನಾನು, ನೆಗಡಿ ಕಣೋ, ಬೇಡ ಎಂದೆ. ಲೀಡರಿಗೆ ಈಗ ಕಾಫಿಯೇ ರುಚಿ ಎಂದು ರೇಗಿಸಿ, ಅವನು ನನ್ನ ಪಾಲಿನದನ್ನೂ ನಿನಗೇ ಕೊಟ್ಟ. ನೀನು ನಕ್ಕು ತೆಗೆದುಕೊಂಡೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ — ಹೇಳಿದರೆ, ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನಲ್ಲ… ಬತ್ತೀನಿ ಎಂದು ಬಂದುಬಿಟ್ಟೆ. ಆಮೇಲೂ ದಿನಾ ಬೆಳಗ್ಗೆ ನಿಮ್ಮ ಹಿತ್ತಿಲಿಂದ ಮಚ್ಚಿನ ಸದ್ದು ಕೇಳುತ್ತಿತ್ತು.

ಮಗು ಹೊಟ್ಟೆಯಲ್ಲೇ ಹೋಯಿತು. ಕಾರಣ ಇಂಥದ್ದೇ ಎಂದು ಹೇಳಲಾಗದು ಎಂದರು ತಿಪಟೂರಿನ ಡಾಕ್ಟರು. ನಾನೂ ಹೇಳಲಾರೆ. ಆ ನೀರಿನಿಂದಲೋ, ಬೇರೆ ಯಾವುದರಿಂದಲೋ — ಯಾರನ್ನು ಕೇಳಲಿ? ಕಂಪನಿಯ ಜೀಪು ಮತ್ತೆ ಈ ಕಡೆ ಬರಲೇ ಇಲ್ಲ. ನಿನ್ನ ಗಂಡನ ಮನೆಯವರು, ನೀನೇ ಮೈಮೇಲೆ ಎಚ್ಚರವಿಲ್ಲದೆ ಓಡಾಡಿದೆ ಎಂದು ದೂರಿದರು. ನೀನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನಾನು ಅಲ್ಲೇ ಇದ್ದೆ. ಈಗ ಹೇಳುವುದರಿಂದ ನಿನಗೆ ಸಿಗುವುದು ಒಂದು ಅನುಮಾನ ಅಷ್ಟೇ. ಆದರೂ ಅದು ನಿನಗೆ ಸೇರಿದ್ದು, ನಾನು ಬಚ್ಚಿಟ್ಟುಕೊಂಡಿದ್ದೆ.

ಇನ್ನೊಂದು ಮಾತು ಉಳಿದಿದೆ. ಮಗುವನ್ನು ಮಣ್ಣು ಮಾಡಿ ಬಂದ ಸಂಜೆ ಶಿವಣ್ಣ ನನ್ನ ಪಕ್ಕ ಕೂತಿದ್ದ. ಹೇಳಿದ:

"ಲತಂಗೆ ದಿನಾ ಇನ್ನೊಂದು ಎಳನೀರು ಕುಡುಸ್ಬೇಕಿತ್ತು ಕಣ್ಲಾ. ನಾನೇ ಕಮ್ಮಿ ಮಾಡ್ಬುಟ್ಟೆ."

ಸಾಯುವವರೆಗೂ ಅವನು ಹಾಗೆಯೇ ನಂಬಿದ್ದ. ನಾನು ಅವನ ಬೆನ್ನು ಸವರಿ, ಬುಡು, ನಿನ್ನ ತಪ್ಪೇನೈತೆ ಎಂದೆ. ತಪ್ಪು ಯಾರದೆಂದು ಹೇಳಲಿಲ್ಲ.