ಬಣ್ಣ ಕಾಸುತ್ತಿದ್ದ ಪಕ್ಕದ ಮನೆಯಾಕೆ

ಆಕೆಯ ಬಲಗೈ ಹೆಬ್ಬೆರಳಿನ ಉಗುರು ಯಾವತ್ತೂ ಉಗುರಿನ ಬಣ್ಣದಲ್ಲಿರುತ್ತಿರಲಿಲ್ಲ. ದಾಳಿಂಬೆ ಸಿಪ್ಪೆ ಕುದಿಸಿದ ವಾರ ಹಳದಿ, ತುಕ್ಕಿನ ನೀರು ಸೋಸಿದ ವಾರ ಕಪ್ಪು.

ಮೊಳಕಾಲ್ಮೂರಿನ ನೇಕಾರರ ಮಗಳು. ಗಂಡ ತೀರಿಕೊಂಡ ಮೇಲೆ ಚಳ್ಳಕೆರೆಗೆ ಬಂದು ನಮ್ಮ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದಳು. ಹತ್ತಿ ಸೀರೆಗಳ ಮೇಲೆ ಹೂಬಳ್ಳಿ, ಗಿಳಿ ಬರೆದುಕೊಡುವುದು ಆಕೆಯ ಕೆಲಸ. ಬಣ್ಣ ಮಾತ್ರ ಅಂಗಡಿಯದಲ್ಲ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿಗೆ ಹಾಕಿ, ಗಡಿಗೆಯ ಬಾಯಿ ಕಟ್ಟಿ, ಹುಳಿಯುವ ತನಕ ಕಾಯುತ್ತಿದ್ದಳು. ಅದನ್ನು ಸೋಸಿ, ಹುಣಸೆ ಬೀಜದ ಹಿಟ್ಟು ಬೆರೆಸಿ ಕಾಸಿದರೆ ಕಪ್ಪು. ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಮೇಲೆ ಎಳೆದ ಗೆರೆ ಮೊದಲು ಬೂದಿಯಂತೆ ಕಂಡು, ನೋಡನೋಡುತ್ತಲೇ ಕಾಡಿಗೆಯಾಗುತ್ತಿತ್ತು. "ಬಣ್ಣಕ್ಕೆ ಅವಸರ ಮಾಡಿದ್ರೆ ಬಟ್ಟೆಗೆ ಹತ್ತಲ್ಲಮ್ಮಾ, ಮೈಗೆ ಹತ್ತತೈತೆ" ಅನ್ನುತ್ತಿದ್ದಳು.

ನನ್ನ ಅವ್ವ ಎಣ್ಣೆ ಮಿಲ್ಲಿಗೆ ಶೇಂಗಾ ಆರಿಸಲು ಹೋಗುತ್ತಿದ್ದಳು. ಸಂಜೆ ಬಂದವಳು ಕಾಲು ತೊಳೆದು ನೇರ ಪಕ್ಕದ ಮನೆಗೆ, ಆಕೆಯ ಜೊತೆ ಕೂತು ತಾನೂ ಸೀರೆಯ ಮೇಲೆ ಬಳ್ಳಿ ಬರೆಯಲು. ಅಲ್ಲಿ ಇಬ್ಬರದೂ ತೆಲುಗು. ಅವ್ವನ ತವರು ಗಡಿಯಾಚೆ. ಮದುವೆಯಾಗಿ ಬಂದ ಮೇಲೆ ಅಪ್ಪನ ಮನೆಯಲ್ಲಿ ಆ ಮಾತು ಯಾರಿಗೂ ಬೇಕಿರಲಿಲ್ಲ. ಸಂತೆಯಲ್ಲಿ ಬೆಲೆ ಕೇಳುವಷ್ಟು ತೆಲುಗು ನನಗೂ ಬರುತ್ತಿತ್ತು, ಆದರೆ ಅವರ ಓಟದ ಮಾತು ಕೈಗೆ ಸಿಗುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ನಗು ಮಾತ್ರ. ನಮ್ಮ ಮನೆಯಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ ಅವ್ವ ಅಲ್ಲಿ ಕೆಮ್ಮು ಬರುವಷ್ಟು ನಗುತ್ತಿದ್ದಳು.

"ಏನವ್ವಾ ಅಷ್ಟೊಂದು ನಗೋದು?" ಎಂದರೆ, "ಕನ್ನಡದಾಗೆ ಹೇಳಿದ್ರೆ ನಗು ಬರಲ್ಲ ಬಿಡು" ಅನ್ನುತ್ತಿದ್ದಳು.

ಹೊಟ್ಟೆ ಉರಿಯುತ್ತಿತ್ತು. ದೊಡ್ಡಮ್ಮ ಎಂದು ಕರೆಯಬೇಕಾದ ಆಕೆಯನ್ನು ಬೇಕೆಂದೇ ಆಂಟಿ ಎನ್ನುತ್ತಿದ್ದೆ.

ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ಮೊದಲ ಸಂಬಳದಲ್ಲಿ ಅವ್ವನಿಗೆ ಬಣ್ಣದ ಬಾಟಲಿಗಳ ಪೆಟ್ಟಿಗೆ ತಂದೆ. "ಇನ್ನು ಆ ಗಡಿಗೆ ವಾಸನೆ ಬ್ಯಾಡ, ಮನೆಯಾಗೇ ಕೂತು ಬರಿ" ಅಂದೆ. ಅವ್ವ "ಚೆಂದ ಐತೆ" ಎಂದು ಅಟ್ಟದ ಮೇಲಿಟ್ಟಳು. ಮರುದಿನ ಅದನ್ನು ಕೆಳಗಿಳಿಸಿದ್ದು ಪಕ್ಕದ ಮನೆಯಾಕೆ. "ಮಗಳು ತಂದಿರೋದು, ಮೊದ್ಲು ಇದರಾಗೆ ಬರಿ" ಎಂದು ಅವ್ವನ ಕೈಗಿಟ್ಟಳು. ನನ್ನ ಉಡುಗೊರೆಗೂ ಆಕೆಯ ಶಿಫಾರಸು ಬೇಕಾಯಿತಲ್ಲ ಎಂದು ಆ ರಾತ್ರಿ ಉಣ್ಣಲಿಲ್ಲ.

ಮುಂದೆ ಅವ್ವನಿಗೆ ಚಿತ್ರದುರ್ಗದಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಅರಿವಳಿಕೆ ಇಳಿಯುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ ತೆಲುಗಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ತೊದಲಿದಳು. ನೀರೋ, ನೋವೋ ತಿಳಿಯದೆ ಕಂಗಾಲಾಗಿ ಆಕೆಗೇ ಫೋನ್ ಮಾಡಿ, ನೀರು ಕೇಳ್ತಾಳೇನೋ ನೋಡ್ರಿ ಎಂದು ಅವ್ವನ ಬಾಯಿಯ ಹತ್ತಿರ ಹಿಡಿದೆ.

"ನೀರಲ್ಲಮ್ಮಾಯಿ," ಅಂದಳು ಆಕೆ. "ಮಗೂಗೆ ಯಾರಾದ್ರೂ ಅನ್ನ ಇಕ್ಕಿದ್ರಾ ಅಂತ ಕೇಳ್ತಾಳೆ. ಉಂಡ್ಯಾ ನೀನು?"

ಅವ್ವ ನನಗಾಗಿ ಆಡಿದ ಮಾತನ್ನೂ ಆಕೆಯ ಬಾಯಿಂದಲೇ ಕೇಳಬೇಕಾಯಿತು. ಅಳು, ಅಸೂಯೆ ಎರಡೂ ಒಟ್ಟಿಗೇ ಬಂದವು.

ಊರಿಗೆ ಮರಳಿದ ಮೇಲೆ, ಅಂಗಡಿಗೆ ರಜೆಯಿದ್ದ ಮಧ್ಯಾಹ್ನ ಅವ್ವ ಮಲಗಿದ್ದಾಗ ಆಕೆಯ ಮನೆಗೆ ಹೋದೆ. "ನಂಗೆ ನಿಮ್ಮ ಮಾತು ಕಲಿಸ್ರಿ. ಅವ್ವಂಗೆ ಹೇಳಬ್ಯಾಡ್ರಿ" ಅಂದೆ. ಆಕೆ ಹುರಿದ ಹುಣಸೆ ಬೀಜವನ್ನು ನನ್ನ ಮುಂದೆ ಸುರಿದು, "ಸಿಪ್ಪೆ ಬಿಡಿಸ್ತಾ ಮಾತಾಡು. ತಪ್ಪಾದ್ರೆ ಬೀಜ ನಗಲ್ಲ" ಅಂದಳು. ಬೀಜ ನಗಲಿಲ್ಲ, ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆ ಎಷ್ಟೋ ಮಧ್ಯಾಹ್ನ ಕೂತೆವು.

ಈ ಬೇಸಿಗೆಯಲ್ಲಿ ಮೊಳಕಾಲ್ಮೂರಿನ ತನ್ನ ಅಣ್ಣನ ಮನೆಗೆಂದು ಹೋದ ಆಕೆ ಅಲ್ಲಿಯೇ ತೀರಿಕೊಂಡಳು. ಅವ್ವ ಆಕೆಯ ಪಾದ ಹಿಡಿದು ಅತ್ತದ್ದನ್ನು ಕಂಡು, ನಾನು ಸತ್ತರೆ ಹೀಗೆ ಅಳುವಳೇ ಅನ್ನಿಸಿತು. ಸಾವಿನ ಮನೆಯಲ್ಲೂ ನನ್ನ ಬುದ್ಧಿ ನನ್ನನ್ನು ಬಿಡಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ತಿರುಗಿ, ತನ್ನಷ್ಟಕ್ಕೆ ತೆಲುಗಿನಲ್ಲಿ ಗೊಣಗಿದಳು. ಕಪ್ಪು ಹುಳಿಯಲು ಇಟ್ಟು ಹೋದಳಲ್ಲ, ಇನ್ನು ಅದನ್ನು ಸೋಸುವವರಾರು ಎಂದು. ನಾನೂ ತೆಲುಗಿನಲ್ಲೇ, ನಾವೇ ಸೋಸೋಣ ಎಂದೆ.

ಅವ್ವ ತಿರುಗಿ ನೋಡಿದಳು. "ಯಾರೇ ಕಲಿಸಿದ್ದು?"

"ಇನ್ಯಾರು? ಅವರೇ."

"ನಂಗೊಂದು ಮಾತು ಹೇಳ್ಲಿಲ್ಲವಲ್ಲ ಅವ್ಳು!" ಅವ್ವನ ಮುಖ ಊದಿಕೊಂಡಿತು. "ಯಾವಾಗ ಕಲಿಸಿದ್ಲು? ಇಬ್ರೂ ಏನೇನು ಮಾತಾಡ್ತಿದ್ರಿ?"

ಚಳ್ಳಕೆರೆ ಬರುವ ತನಕ ಕೇಳುತ್ತಲೇ ಇದ್ದಳು. ನಾನು ಹೇಳುತ್ತಲೇ ಬಂದೆ. ಆದರೆ ಎಲ್ಲವನ್ನೂ ಹೇಳಲಿಲ್ಲ. ಆಕೆಯನ್ನು ಸ್ವಲ್ಪ ನನಗೂ ಉಳಿಸಿಕೊಂಡೆ.