ಮಗಳ ಮನೆಗೆ ಹೋದ ಬಾಳೆ ಕಂದು

ಕುಪ್ಪಗಡ್ಡೆಯ ಒಂದು ಕೇರಿಯಲ್ಲಿ ಯಾರ ಹಿತ್ತಿಲ ಬಾಳೆಗೆ ಏನಾದರೂ ಲೋಕಮ್ಮನನ್ನು ಕರೆಯುವುದು ಮೂವತ್ತು ವರ್ಷದ ರೂಢಿ. ಆಕೆ ಸೆರಗು ಸಿಕ್ಕಿಸಿಕೊಂಡು ಬಂದು, ಎಲೆ ಮಗುಚಿ ನೋಡಿ, ದಿಂಡು ಮೂಸಿ ತೀರ್ಪು ಕೊಡುತ್ತಿದ್ದಳು. ಎಲೆಯಂಚು ಸುಟ್ಟಂತಿದ್ದರೆ ಬುಡಕ್ಕೆ ಬೂದಿ. ಚುಕ್ಕೆ ಬಿದ್ದ ಎಲೆ ಕೊಯ್ದು ಸುಡು. ದಿಂಡು ತೂತಾಗಿ ಅಂಟು ಸೋರಿದರೆ ಹುಳ, ಬೇವಿನ ಹಿಂಡಿ ಹಾಕು. ಬಹಳ ಸಲ ಗಿಡ ಬದುಕುತ್ತಿತ್ತು. ಬದುಕದಿದ್ದರೆ ಮನೆಯವರು ಹೇಳಿದ ಹಾಗೆ ಮಾಡಿಲ್ಲ, ಅಷ್ಟೇ. ವೈದ್ಯರೆಲ್ಲ ಹಾಗೇ ತಾನೇ!

ಅಂಥ ಲೋಕಮ್ಮನ ಹೊಟ್ಟೆಗೆ ಕಿಚ್ಚು ಹಚ್ಚಿದವಳು ಪಕ್ಕದ ಮನೆ ಹೂವಪ್ಪನ ಸೊಸೆ ಕರುಣಾ. ಮದುವೆಯಾಗಿ ಬಂದು ಇನ್ನೂ ಮೂರು ವರ್ಷವಾಗಿಲ್ಲ, ಸೊರಬದಲ್ಲಿ ಬಾಳೆ ರೋಗದ ಬಗ್ಗೆ ಎರಡು ದಿನದ ತರಬೇತಿ ಮುಗಿಸಿ ಬಂದಳು. ಮರುವಾರವೇ ಅದೇ ಕೇರಿಯ ರಾಜೇಶ್ವರಮ್ಮ ಒಣಗಿದ ಎಲೆ ಹಿಡಿದು ಲೋಕಮ್ಮನ ಬಾಗಿಲು ದಾಟಿ ಆ ಮನೆಗೆ ಹೋದಳು. ಕದ್ದಾದರೂ ಹೋಗಬಾರದೇ? "ಊಟ ಆಯ್ತೇನೆ ಲೋಕಮ್ಮ?" ಎಂದು ಕೇಳಿಕೊಂಡೇ ಹೋದಳು. ಲೋಕಮ್ಮನಿಗೆ ಅಂದು ಊಟ ಸೇರಲಿಲ್ಲ.

ಇನ್ನೂ ಸಂಕಟವೆಂದರೆ ಹುಡುಗಿ ಒಳ್ಳೆಯವಳು. "ಲೋಕಮ್ಮತ್ತೇನೂ ಒಂದು ಮಾತು ಕೇಳಿ" ಎಂದು ಬಂದವರನ್ನು ಇತ್ತ ಕಳಿಸುತ್ತಿದ್ದಳು. ಹಾಗೆ ಬಂದವರನ್ನು ಕಂಡರೆ ಲೋಕಮ್ಮನಿಗೆ ಎಂಜಲೆಲೆಗೆ ಕೂರಿಸಿದಂತಾಗುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಕರುಣಾ ಬೇಲಿಯ ಹತ್ತಿರ ಬಂದು ನಿಂತಳು.

"ಅತ್ತೆ, ನಿಮ್ಮ ಹಿತ್ತಿಲ ಮೂಲೆ ಬಾಳೆ ನೋಡಿದ್ರಾ? ಹೊಸ ಎಲೆ ಎಲ್ಲ ಗಿಡ್ಡ ಆಗಿ ತುದೀಲಿ ಗೊಂಚಲು ಕಟ್ಟಿದಾವೆ. ದಂಟಿನ ಮೇಲೆ ಕಡುಹಸಿರು ಗೆರೆ. ಅದು ವಾಸಿ ಆಗೋ ರೋಗ ಅಲ್ಲ. ಅದನ್ನ ಹರಡೋ ಗಿಡದ ಹೇನಿಗೆ ಔಷಧಿ ಹೊಡೆದು, ಆಮೇಲೆ ಗೆಡ್ಡೆ ಸಮೇತ ಕಿತ್ತು ಹೂಳಬೇಕು. ಆ ಬುಡದ ಕಂದು ಮಾತ್ರ ಯಾರಿಗೂ ಕೊಡಬೇಡಿ."

"ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ್ಲಂತೆ!" ಲೋಕಮ್ಮ ಮೂಗು ಮುರಿದಳು. "ಅದಕ್ಕೆ ಹೊಟ್ಟೆ ತುಂಬಿಲ್ಲ ಕಣೆ. ಎರಡು ಬುಟ್ಟಿ ಗೊಬ್ಬರ ಬಿದ್ರೆ ಎದ್ದು ನಿಲ್ಲುತ್ತೆ."

ಕರುಣಾ ಒಳಗೆ ಹೋದ ಮೇಲೆ ಲೋಕಮ್ಮ ಮೂಲೆಗೆ ಹೋಗಿ ದಂಟು ಬಗ್ಗಿಸಿದಳು. ಗೆರೆಗಳಿದ್ದವು. ಸುಳಿಯ ಸಂದಿಯಲ್ಲಿ ಕಪ್ಪು ಹೇನೂ ಇತ್ತು. ಹುಡುಗಿ ಹೇಳಿದ್ದು ನಿಜವೆಂದು ಆಕೆಗೆ ಅಲ್ಲೇ ಗೊತ್ತಾಯಿತು. ಆದರೂ ಎರಡು ಬುಟ್ಟಿ ಗೊಬ್ಬರ ತಂದು ಸುರಿದಳು.

ಗೌರಿ ಹಬ್ಬಕ್ಕೆ ಶಿಕಾರಿಪುರದಿಂದ ಮಗಳು ಸಂಗೀತ ಬಂದಳು. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳಿಗೆ ಮಡಿಲಕ್ಕಿಯ ಜೊತೆ ತವರಿನ ಬಾಳೆ ಕಂದೊಂದನ್ನು ಕೊಟ್ಟು ಕಳಿಸುವುದು ಆ ಮನೆಯ ಪದ್ಧತಿ. ಹಿತ್ತಿಲಲ್ಲಿ ಆರು ಬುಡ ಬಾಳೆಯಿತ್ತು, ಐದು ಚೆನ್ನಾಗಿದ್ದವು. ಗುದ್ದಲಿ ಹಿಡಿದು ಇಳಿದ ಲೋಕಮ್ಮನಿಗೆ ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಕರುಣಾ ಕಂಡಳು. ಕಂಡದ್ದೇ ತಡ, ಕಾಲು ಮೂಲೆಯ ಕಡೆಗೇ ನಡೆಯಿತು.

"ನೋಡು ಸಂಗೀತಾ, ಎಷ್ಟು ಗಟ್ಟಿ ಐತೆ!" ಬೇಲಿಯಾಚೆ ಕೇಳುವಂತೆ ಹೇಳಿದಳು. ಕರುಣಾ ಕಂದನ್ನೊಮ್ಮೆ, ಸಂಗೀತಳನ್ನೊಮ್ಮೆ ನೋಡಿ ಒಳಗೆ ಹೋದಳು. ಗೆದ್ದೆ ಎಂದುಕೊಂಡಳು ಲೋಕಮ್ಮ.

ಸಂಕ್ರಾಂತಿ ಮುಗಿದ ವಾರ ಸಂಗೀತ ಫೋನ್ ಮಾಡಿದಳು. "ಅವ್ವಾ, ನೀ ಕೊಟ್ಟ ಕಂದು ಮುದುಡಿಕೊಂಡೈತಿ. ಈಗ ನಮ್ಮತ್ತೆ ಗಿಡಕ್ಕೂ ಹತ್ತೈತಿ. ನಾನು ಸರಿ ನೋಡ್ಕೊಂಡಿಲ್ಲ ಅಂತ ದಿನಾ ಬೈತಾರೆ. ಫೋಟೋ ಕಳ್ಸೀನಿ, ಕರುಣಕ್ಕನ್ನ ಕೇಳಿ ಹೇಳು."

ಹೆತ್ತ ಮಗಳೂ ಕರುಣಕ್ಕನ್ನೇ ಕೇಳಬೇಕೇ! ಮಗಳು ಅತ್ತೆಯಿಂದ ಬೈಸಿಕೊಳ್ಳುತ್ತಿರುವುದಕ್ಕಿಂತ ಆ ಮಾತೇ ಲೋಕಮ್ಮನಿಗೆ ಮೊದಲು ಚುಚ್ಚಿತು. ಆಮೇಲೆ ತಾನು ಕೊಟ್ಟ ಕಂದು ಯಾವ ಬುಡದ್ದೆಂದು ನೆನಪಾಯಿತು. ಫೋನ್ ಹಿಡಿದು ಪಕ್ಕದ ಮನೆಗೆ ಹೋದಳು.

ಕರುಣಾ ಫೋಟೋ ನೋಡಿದಳು, ಲೋಕಮ್ಮನ ಮುಖ ನೋಡಲಿಲ್ಲ. ಸಂಗೀತಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. "ರೋಗ ಬಂದಿದ್ದನ್ನೆಲ್ಲ ಕಿತ್ತು ಹೂಳಿ ಸಂಗೀತಾ. ಹೇನು ಎಲ್ಲಿಂದಾದ್ರೂ ಹಾರಿ ಬಂದಿರುತ್ತೆ. ಯಾರ ತಪ್ಪೂ ಅಲ್ಲ ಅಂತ ನಿಮ್ಮತ್ತೆಗೆ ಹೇಳಿ."

ಲೋಕಮ್ಮನಿಗೆ ನಿರಾಳವಾಗಬೇಕಿತ್ತು. ಬದಲಿಗೆ ಹೊಟ್ಟೆ ಧಗಧಗ ಉರಿಯಿತು. ರೋಗ ಗುರುತಿಸಿದವಳು ಇವಳು, ಕೇರಿಯ ಬಾಯಲ್ಲಿರುವವಳು ಇವಳು, ಈಗ ತನ್ನ ಮಾನ ಉಳಿಸುವ ದೊಡ್ಡತನವೂ ಇವಳಿಗೇ ಬೇಕೇ? ಇವಳು ಹಾಕಿದ ಭಿಕ್ಷೆಯಲ್ಲಿ ತಾನು ಬದುಕುವುದಿಲ್ಲ. ಫೋನ್ ಕಿತ್ತುಕೊಂಡಳು.

"ಹೇನು ಹಾರಿ ಬಂದಿದ್ದಲ್ಲ ಸಂಗೀತಾ. ಕಂದಲ್ಲೇ ರೋಗ ಇತ್ತು. ಕೊಡಬೇಡಿ ಅಂತ ಇವಳು ಹೇಳಿದ್ಲು. ಗೊತ್ತಿದ್ದೂ ನಾನೇ ಕೊಟ್ಟೆ. ನಿಮ್ಮತ್ತೆ ಕೈಗೆ ಫೋನ್ ಕೊಡು, ನಾನೇ ಹೇಳ್ತೀನಿ."

"ಗೊತ್ತಿದ್ದೂ ನನಗಾ ಕೊಟ್ಟೆ, ಅವ್ವಾ?"

ಅಷ್ಟರಲ್ಲಿ ಅತ್ತ ಬೀಗಿತಿ ಮಾಳಮ್ಮ ಫೋನ್ ತೆಗೆದುಕೊಂಡು, "ಹೇಳ್ರೀ" ಎಂದಳು.